ಸಾಫ್ ಮಾಡಿದ ಬಸ್ಸು

ಒಟ್ಟು ಖರ್ಚು ಹನ್ನೊಂದು ರೂಪಾಯಿ. ಎರಡು ಸಣ್ಣ ಡಬ್ಬಿ ಇನಾಮಲ್ ಬಣ್ಣ, ಒಂದಿಷ್ಟು ಪ್ರೈಮರ್, ಒಂದು ತೆಳು ಬ್ರಷ್, ಎರಡು ಹಾಳೆ ಪಾಲಿಶ್ ಪೇಪರ್. ಬಣ್ಣ ತೆಗೆಯುವ ಔಷಧವನ್ನು ಎದುರು ಶೆಡ್ಡಿನ ಉಸ್ತಾದ ಪುಕ್ಕಟೆ ಕೊಟ್ಟ. ಇಷ್ಟರಲ್ಲೇ ಮುಗಿಸಬೇಕೆಂಬ ಹಟಕ್ಕೆ ಬಿದ್ದು, ಹುಮನಾಬಾದದಿಂದ ಬಸವಕಲ್ಯಾಣಕ್ಕೆ ಹೋಗಿ ಬರುವ ಮೂರು ರೂಪಾಯಿ ಬಸ್ ಚಾರ್ಜು ಉಳಿಸಿದೆ. ಆ ಉಳಿತಾಯದಿಂದಾಗಿ ನನ್ನ ಅಕ್ಕ ಸಾಯುವ ತನಕ ನನ್ನೊಂದಿಗೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹುಮನಾಬಾದದ ಹೆದ್ದಾರಿ ಬದಿಗೆ ಹಳೆ ಟಾಯರು, ಲಾರಿ ಸಾಮಾನಿನ ಅಂಗಡಿ ನನ್ನದು. ಬರಿಗೈಲಿ ಬಂದು, ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಎದುರಿಗೇ ಉಸ್ತಾದನ ಶೆಡ್ಡು. ಲಾರಿಗಳಿಗೆ ಬಣ್ಣ ಹಚ್ಚುವುದು ಅವನ ಕಸಬು. ಒಂದು ದಿನ ಮಾಣಿಕನಗರದ ಆಟಿಕೆ ಅಂಗಡಿಯವನು ನನ್ನ ಕಿವಿಗೆ ಒಂದು ಮಾತು ಹಾಕಿದ. ಹೈದರಾಬಾದಿನಿಂದ ಅಲ್ಲಿನ ಗುಡಿಯ ದರ್ಶನಕ್ಕೆ ಬರುವ ಕೆಲವರು ಸಣ್ಣ ಲೋಹದ ಕಾರು, ಬಸ್ಸುಗಳನ್ನು ಮಕ್ಕಳಿಗಲ್ಲ, ತಮಗೇ ಕೊಳ್ಳುತ್ತಾರಂತೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಡುತ್ತಾರಂತೆ. ನಮ್ಮ ಕಡೆಯ ಗಾಡಿಗಳ ಹಾಗೆ ಬಣ್ಣ ಹಚ್ಚಿ ಕೊಟ್ಟರೆ ಮೂರು ಪಟ್ಟು ಬೆಲೆ.

"ಆದ್ರ ಮೊದಲ ಒಂದು ಛಲೋ ನಮೂನಾ ತಂದು ತೋರಸ್ರಿ," ಎಂದ.

ನಮೂನೆಗೆ ಬಸ್ಸು ಬೇಕಿತ್ತು. ಅಕ್ಕನ ಮನೆಯಲ್ಲಿ ಒಂದಿತ್ತು.

ಅಕ್ಕನ ಗಂಡ, ನನ್ನ ಮಾವ, ಕಲ್ಯಾಣದಿಂದ ಹುಮನಾಬಾದಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದ. ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವನು. ಐವತ್ತಾರರ ನಂತರ ಊರ ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗಿದಾಗ ಅವನಿಗೆ ತನ್ನ ಬಸ್ಸಿನ ಬೋರ್ಡೇ ಓದಲು ಬರುತ್ತಿರಲಿಲ್ಲ. ಮಠದಲ್ಲಿ ಕನ್ನಡ ಕಲಿತಿದ್ದ ಅಕ್ಕ ಒಲೆಯ ಮುಂದೆ ಕೂರಿಸಿಕೊಂಡು ಬೂದಿಯಲ್ಲಿ ಅಕ್ಷರ ತೀಡಿಸಿದಳು. ಮುಂದೆ ಮಾವ ಹೈದರಾಬಾದಿನಿಂದ ಅಂಗೈಯುದ್ದದ ಆಟಿಕೆ ಬಸ್ಸೊಂದನ್ನು ತಂದು, ತಾನು ಓಡಿಸುವ ಬಸ್ಸಿನ ಬಣ್ಣವನ್ನೇ ಅದಕ್ಕೆ ಹಚ್ಚಿ, ಹಣೆಯ ಮೇಲೆ ಕನ್ನಡದಲ್ಲಿ ಊರ ಹೆಸರು ಬರೆದ. ಯ ಒತ್ತು ಲ ಅಕ್ಷರಕ್ಕೆ ಸೇರುವ ಬದಲು ಣ ಅಕ್ಷರಕ್ಕೆ ಬಿದ್ದು 'ಕಲಾಣ್ಯ' ಆಯಿತು. "ಕಲಾಣ್ಯದ ಡ್ರೈವರ್ ಸಾಹೇಬರು ಉಣ್ಣಾಕ ಬರ್ರಿ," ಎಂದು ಅಕ್ಕ ಅವನನ್ನು ವರ್ಷಗಟ್ಟಲೆ ಕಾಡಿಸಿದಳು. ಮಾವ ತೀರಿಕೊಂಡ ಮೇಲೆ ಆ ಬಸ್ಸು ದೇವರ ಜಗಲಿಯ ಪಕ್ಕದ ಗೂಡು ಸೇರಿತು.

ನಾನು ಹೋದಾಗ ಅದರ ಒಂದು ಗಾಲಿ ಕಿತ್ತಿತ್ತು.

"ಗಾಲಿ ಹಾಕಿಸಿ, ಜರಾ ಸಾಫ್ ಮಾಡಿ ತಾ ತಮ್ಮಾ," ಎಂದಳು.

"ಹೊಸಾದರಂಗ ಮಾಡಿ ತರ್ತೀನಿ ತಗೊ ಅಕ್ಕಾ."

"ಹೊಸಾದು ಯಾಕೋ? ನಾ ಏನ್ ಹೊಸಾಕಿ ಇದ್ದೀನೇನು?" ಎಂದು ನಕ್ಕಳು. ನಮೂನೆಯ ವಿಷಯ ನಾನು ಬಾಯಿ ಬಿಡಲಿಲ್ಲ.

ಉಸ್ತಾದ ಬಸ್ಸನ್ನು ತಿರುಗಿಸಿ ನೋಡಿದ. "ಸಾವಕಾರ್ರ, ಇದು ಕಂಪನಿ ಬಣ್ಣ ಅಲ್ರಿ. ಯಾರೋ ಕೈಲೆ ಹಚ್ಯಾರ, ಬರ್ದಾರ. ಒಂದ್ ಮಾತ ಕೇಳಿ ಬರ್ರಿ."

"ಸಾಫ್ ಮಾಡು ಅಂದಾಳ ಉಸ್ತಾದ."

"ಯಾವ ಸಾಫ್? ಮನ್ಯಾಗಿನ ಸಾಫ್ ಒದ್ದಿ ಅರಿವಿಲೆ ಒರಸಿದ್ರ ಆಗ್ತದ. ನಮ್ಮ ಶೆಡ್ಡಿನ ಸಾಫ್ ಅಂದ್ರ ಕಬ್ಬಿಣ ಕಾಣೂತನ ತಗಿಯೂದು."

"ಕೇಳಾಕ ಹೋಗಿ ಬರಾಕ ಮೂರು ರೂಪಾಯಿ."

"ನಿಮ್ಮ ಜೀವ ಮೂರು ರೂಪಾಯಿದಾಗ ಅದ ಬಿಡ್ರಿ," ಎಂದು ಔಷಧದ ಡಬ್ಬಿ ನನ್ನ ಕಡೆ ದೂಡಿದ.

ಅಕ್ಕ ಹೇಳಿದ್ದು ಯಾವ ಸಾಫ್ ಎಂದು ನನಗೆ ಗೊತ್ತಿತ್ತು. ಆಮೇಲೆ ಎಷ್ಟೋ ವರ್ಷ ಎಲ್ಲರ ಮುಂದೆ, ನನಗೆ ಗೊತ್ತಿರಲಿಲ್ಲವೆಂದೇ ಹೇಳಿಕೊಂಡು ಬಂದೆ. ನಿಜವೆಂದರೆ ಆ ಸೊಟ್ಟ ಅಕ್ಷರ ಕಂಡರೆ ಅಂಗಡಿಯವನು ನಕ್ಕಾನು ಎಂದು ಅಂಜಿದ್ದೆ. ಔಷಧ ಬಳಿದ ಸ್ವಲ್ಪ ಹೊತ್ತಿಗೆ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದಿತು. ಚಿಂದಿಯಿಂದ ಒಂದು ಸಲ ಒರೆಸಿದೆ; ಮಾವನ ಅಕ್ಷರ ಚಿಂದಿಗೆ ಬಂತು. ಕಿತ್ತ ಗಾಲಿ ಕೂಡಿಸಿ, ಪ್ರೈಮರ್ ಹಾಕಿ, ಎರಡು ಕೈ ಬಣ್ಣ ಕೊಟ್ಟು, ಹಣೆಯ ಮೇಲೆ 'ಕಲ್ಯಾಣ' ಎಂದು ದುಂಡಗೆ, ತಪ್ಪಿಲ್ಲದೆ ಬರೆದೆ. ಮಾಣಿಕನಗರದವನು ನೋಡಿದವನೇ ಹನ್ನೆರಡು ಗಾಡಿಗಳ ಕೆಲಸ ಒಪ್ಪಿಸಿದ.

ಆಮೇಲೆ ಬಸ್ಸನ್ನು ಕಲ್ಯಾಣಕ್ಕೆ ಒಯ್ದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಹಣೆಯ ಮೇಲೆ ಬೆರಳಾಡಿಸಿದಳು.

"ಒತ್ತು ತಿದ್ದೀದಿ," ಎಂದಳು.

"ನೀನೇ ಸಾಫ್ ಮಾಡು ಅಂದಿದ್ದಿ ಅಕ್ಕಾ."

"ಹೌದಪಾ, ಅಂದಿದ್ದೆ." ಬಸ್ಸನ್ನು ತಿರುಗಿ ನನ್ನ ಕೈಗೇ ಕೊಟ್ಟಳು. "ನಿನ್ನ ಅಂಗಡ್ಯಾಗ ಇಡು. ಛಲೋ ಆಗ್ಯದ, ಗಿರಾಕಿ ಸಿಗ್ತದ."

ಆಮೇಲೆ ಹೋದಾಗೆಲ್ಲ ಚಹಾ ಕೊಟ್ಟಳು, ಮಕ್ಕಳನ್ನು ವಿಚಾರಿಸಿದಳು, ಅಷ್ಟೇ. ತಮ್ಮಾ ಎನ್ನುವುದನ್ನು ಬಿಟ್ಟು 'ಬರ್ರಿ, ಕೂಡ್ರಿ' ಎಂದು ಬಹುವಚನ ಹಚ್ಚಿದಳು. ಗೂಡು ಖಾಲಿಯೇ ಉಳಿಯಿತು. ನಾನು ಗುಟ್ಟಾಗಿ 'ಕಲಾಣ್ಯ' ಎಂದು ಮತ್ತೆ ಬರೆದು ನೋಡಿದೆ. ತಪ್ಪನ್ನೇನೋ ಬರೆಯಬಹುದು, ಮಾವನ ಕೈ ಎಲ್ಲಿಂದ ತರುವುದು? ನೂರಾರು ಗಾಡಿಗಳಿಗೆ ಬಣ್ಣ ಹಚ್ಚಿ ಮಾರಿದ್ದೇನೆ. ಆ ಬಸ್ಸನ್ನು ಕೇಳಿದವರೂ ಉಂಟು. ಕೊಟ್ಟಿಲ್ಲ, ಇಟ್ಟುಕೊಳ್ಳುವ ಮನಸ್ಸೂ ಇಲ್ಲ.

ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರು ಕೇಳಿ. ಮೊದಲು ಗುಜರಿಯ ಮುರುಕು ಕಾರಿನ ಮೇಲೆ ಕೈ ಪಳಗಿಸಿಕೊಳ್ಳಿ. ಔಷಧ ಬಳಿಯುವ ಮೊದಲು ಒದ್ದೆ ಅರಿವೆಯಿಂದ ಒರೆಸಿ ನೋಡಿ. ಅರ್ಧಕ್ಕರ್ಧ ಗಾಡಿಗಳಿಗೆ ಅಷ್ಟೇ ಸಾಕು. ಬಣ್ಣ ತೆಳ್ಳಗಿರಲಿ, ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಬೇಡ. ಮೈಮೇಲೆ ಬರಹವಿದ್ದರೆ, ಅದರಲ್ಲೂ ತಪ್ಪು ಬರಹವಿದ್ದರೆ, ಬ್ರಷ್ ಕೆಳಗಿಟ್ಟು ಗಾಡಿಯ ಒಡೆಯರ ಬಳಿ ಹೋಗಿ. ಒರೆಸಲೋ, ತೆಗೆಯಲೋ ಎಂದು ಎದುರಿಗೆ ಕೂತು ಕೇಳಿ. ಬಣ್ಣ, ಬ್ರಷ್ಷು, ಎಲ್ಲದರಲ್ಲೂ ಚೌಕಾಸಿ ಮಾಡಿ. ಆ ಬಸ್ ಚಾರ್ಜಿನಲ್ಲಿ ಮಾತ್ರ ಬೇಡ.