ಹನ್ನೊಂದು ಸೊನ್ನೆಗಳ ಕಾರ್ಡು

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ಎಕ್ಕಂಬಿಯಿಂದ ಯಲ್ಲಾಪುರಕ್ಕೆ ಬಂದು ನನಗೆ ಒಂದು ವರ್ಷವಾಗಿರಬೇಕು. ಗಂಡ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳ ಅಳತೆ ಬರೆಯುವ ಗುಮಾಸ್ತರು. ಶಿರಸಿಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ತ್ಯಾಗಲಿಯ ಗೆಳತಿ ಆಗ ಸಿದ್ದಾಪುರದ ಶಾಲೆಯಲ್ಲಿ ಕಲಿಸುತ್ತಿದ್ದಳು. ನಮ್ಮಿಬ್ಬರದು ಶಾಲೆಯ ಕಾಲದಿಂದ ಬಂದ ಒಂದು ಆಟ. ಒಬ್ಬಳು ಅಂಚೆ ಕಾರ್ಡಿನಲ್ಲಿ ದೊಡ್ಡದೊಂದು ಸಂಖ್ಯೆ ಕಳಿಸಬೇಕು, ಇನ್ನೊಬ್ಬಳು ಅದು ಯಾವ ಯಾವ ಸಂಖ್ಯೆಗಳನ್ನು ಗುಣಿಸಿದರೆ ಬರುತ್ತದೆ ಎಂದು ಒಡೆದು ತೋರಿಸಬೇಕು. ಕಾರ್ಡಿನಲ್ಲಿ ಸಂಖ್ಯೆ ಬಿಟ್ಟು ಒಂದಕ್ಷರ ಬರೆಯಬಾರದು, ಹೆಸರನ್ನೂ.

ಆ ಸಲದ ಕಾರ್ಡು ನನಗಿಂತ ಮೊದಲು ಗಂಡನ ಕೈಗೆ ಸಿಕ್ಕಿತು. ಇದ್ದದ್ದು ಇಷ್ಟೇ: 1000000000001.

“ಯಾರು ಬರದದ್ದಿದು?”

“ಸಿದ್ದಾಪುರದ ಗೆಳತಿ. ಲೆಕ್ಕ ಅದು.”

“ಲೆಕ್ಕ ಆದ್ರ ಹೆಸರು ಯಾಕ ಬರದಿಲ್ಲ?” ಅವರು ಕಾರ್ಡನ್ನು ಬೆಳಕಿಗೆ ಹಿಡಿದರು. “ಈ ತುದಿಗೆ ಒಂದು, ಆ ತುದಿಗೆ ಒಂದು. ನಡುವ ಹನ್ನೊಂದು ಸೊನ್ನಿ. ಹನ್ನೊಂದು ದಿನ ಬಿಟ್ಟು ಯಾರು ಬರ್ತಾರ?”

ನನಗೆ ನಗು ಬಂತು. ಅವರು ನಗುತ್ತಿರಲಿಲ್ಲ.

ಎರಡು ದಿನ ಕಳೆದು ಟಪಾಲಿನವನು ಎಲ್ಲೋ ನೋಡುತ್ತ, “ಇನ್ನು ನಿಮ್ಮ ಟಪಾಲು ಡಿಪೋದಲ್ಲೇ ಕೊಡ್ಬೇಕಂತೆ ಅಕ್ಕಾ,” ಎಂದ. ತಾನಿಲ್ಲದಾಗ ಮನೆಗೆ ಯಾರು ಬರುತ್ತಾರೆಂದು ಗಂಡ ಪಕ್ಕದ ಮನೆಯವರನ್ನೂ ಕೇಳಿದ್ದರಂತೆ. ಅದು ಗೊತ್ತಾದ ದಿನ ನಾನು ಊಟ ಮಾಡಲಿಲ್ಲ.

ಹನ್ನೊಂದನೆಯ ದಿನ ಅವರು ರಜೆ ಹಾಕಿ ಬಾಗಿಲಿಗೆ ಎದುರಾಗಿ ಪೇಪರು ಹಿಡಿದು ಕೂತರು. ನಾನೂ ಪಾಟಿ, ಬಳಪ ತಗೊಂಡು ಅವರೆದುರೇ ಕೂತೆ. ಮೂರರಿಂದ ಭಾಗಿಸಿದೆ, ಹೋಗಲಿಲ್ಲ. ಏಳು, ಹನ್ನೊಂದು, ಹದಿಮೂರು, ಎಲ್ಲದಕ್ಕೂ ಶೇಷ ಉಳಿಯುತ್ತಿತ್ತು. ರಸ್ತೆಯಲ್ಲಿ ಲಾರಿ ನಿಂತ ಸದ್ದಾದಾಗಲೆಲ್ಲ ಅವರು ತಲೆ ಎತ್ತುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಎಪ್ಪತ್ತಮೂರರಿಂದ ಭಾಗಿಸಿದಾಗ ಏನೂ ಉಳಿಯಲಿಲ್ಲ. ಬಂದದ್ದನ್ನು ಮತ್ತೆ ಒಡೆಯುತ್ತ ಹೋದೆ. ನೂರಾಮೂವತ್ತೇಳರಿಂದಲೂ ಸರಿಯಾಗಿ ಹೋಯಿತು. ಕೊನೆಗೆ ಉಳಿದದ್ದು 99990001. ಅದು ಮಾತ್ರ ಜಗ್ಗಲಿಲ್ಲ.

ಅವರು ಪಾಟಿ ಎಳೆದುಕೊಂಡು ಮೂರನ್ನೂ ಗುಣಿಸಿದರು. ದಿಮ್ಮಿ ಅಳೆದ ಕೈ, ತಪ್ಪುವುದಿಲ್ಲ. ಎರಡು ತುದಿಗೆ ಒಂದು, ನಡುವೆ ಹನ್ನೊಂದು ಸೊನ್ನೆ. ಅಳಿಸಿ ಮತ್ತೊಮ್ಮೆ ಗುಣಿಸಿದರು.

“ಲೆಕ್ಕ ಖರೆ ಅದ,” ಎಂದರು. “ಬರದಾಕಿ ಹೆಂಗಸು ಅನ್ನೂದು ಹ್ಯಾಂಗ ಖರೆ?”

“ನಾಳೆ ಸಿದ್ದಾಪುರಕ್ಕೆ ಹೋಗೋಣ, ನಡೀರಿ,” ಎಂದೆ.

ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದೆವು. ಗೆಳತಿ ಬಾಗಿಲು ತೆಗೆದು ನನ್ನನ್ನು ಕಂಡವಳೇ, “ಎಂತ, ಎಪ್ಪತ್ಮೂರು ಸಿಕ್ತಾ?” ಎಂದಳು. ಹಿಂದೆ ನಿಂತ ಗಂಡನನ್ನು ಕಂಡದ್ದು ಆಮೇಲೆ. “ಅಯ್ಯೋ, ಬನ್ನಿ, ಕೂತ್ಕೊಳ್ಳಿ.”

ಅವರು ಕೂರಲಿಲ್ಲ. “ಆ ಉಳಿದದ್ದು ಒಡೀತದೋ ಇಲ್ಲೋ?”

“ಒಡ್ಯೂದಿಲ್ಲ. ಅವಿಭಾಜ್ಯ.”

“ಅದು ಹ್ಯಾಂಗ ಗೊತ್ತು?”

“ಹತ್ತು ಸಾವಿರದ ಒಳಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡ್ದೆ. ನಂಗೂ ನಂಬಿಕೆ ಬರ್ಬೇಕಲ್ಲ.” ಅವಳು ಟ್ರಂಕಿನಿಂದ ಮೂರು ನೋಟುಪುಸ್ತಕ ತೆಗೆದು ಕೊಟ್ಟಳು. ಅವರು ನಿಂತೇ ಪುಟ ಮಗುಚಿದರು. ಸಾಲುಸಾಲು ಭಾಗಾಕಾರ, ಕಾರ್ಡಿನಲ್ಲಿದ್ದ ಅದೇ ಕೈಬರಹ. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಗೆಳತಿಗೆ ನಾವು ಯಾಕೆ ಬಂದೆವೆಂದು ನಾನು ಹೇಳಲಿಲ್ಲ.

ವಾಪಸು ಬರುವಾಗ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅವರು, “ಮುಂದಿನ ಸಲ ಹೆಸರು ಬರಿಲಿಕ್ಕೆ ಹೇಳು,” ಎಂದರು.

“ಹೇಳೂದಿಲ್ಲ,” ಎಂದೆ.

ಅವರು ಒತ್ತಾಯಿಸಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಗೆಳತಿ ಬರೆಯುತ್ತಲೇ ಇದ್ದಳು, ಹೆಸರಿಲ್ಲದೆ. ನಾನು ಉತ್ತರಿಸುತ್ತಲೇ ಇದ್ದೆ.