ದವಡೆಯಲ್ಲಿ ಕೇಳುವ ಚಿಪ್ಪಕ್ಕ

ಕಡಲು ನೋಡಲು ಬಂದವರೆಲ್ಲ ಇನ್ನೂ ಹೊದ್ದು ಮಲಗಿರುವ ಹೊತ್ತು. ಬಂದರಿನ ಹಿಂದಿನ ಓಣಿಯಲ್ಲಿ ಒಂದು ಹೋಟೆಲಿನ ಹಿತ್ತಲಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಒದ್ದೆ ಸಿಮೆಂಟ್ ನೆಲ, ಗೋಡೆಗೆ ಒರಗಿಸಿಟ್ಟ ದೊಡ್ಡ ಹಂಡೆ, ಉಪ್ಪುನೀರು ತೊಟ್ಟಿಕ್ಕುವ ಬುಟ್ಟಿ. ಬುಟ್ಟಿಯ ಮುಂದೆ ಗಿಡ್ಡ ಮಣೆಯ ಮೇಲೆ ಕೂತ ಹೆಂಗಸು ಒಂದು ಕಪ್ಪೆಚಿಪ್ಪನ್ನು ಎತ್ತಿ, ಕಿವಿಯ ಕೆಳಗೆ ದವಡೆಯ ಮೂಳೆಗೆ ಒತ್ತಿಕೊಳ್ಳುತ್ತಾರೆ. ಇನ್ನೊಂದು ಚಿಪ್ಪಿನಿಂದ ಅದಕ್ಕೆ ಮೆಲ್ಲಗೆ ಬಡಿಯುತ್ತಾರೆ. ಕಣ್ಣು ಮುಚ್ಚುತ್ತಾರೆ. ಚಿಪ್ಪು ಪಕ್ಕದ ಪಾತ್ರೆಗೆ ಬೀಳುತ್ತದೆ, ಕೈ ಮತ್ತೆ ಬುಟ್ಟಿಗೆ ಹೋಗುತ್ತದೆ.

ಈ ಊರಿಗೆ ಬಂದವರು ಏನು ತಿನ್ನಬೇಕು ಅಂತ ಯಾರನ್ನೇ ಕೇಳಿ, ಮೊದಲು ಬಾಯಿಗೆ ಬರುವುದು ಈ ಹೋಟೆಲಿನ ಚಿಪ್ಪಿನ ಸಾರು. ಹುರಿದ ಮೀನು, ಏಡಿ, ಸಿಗಡಿ ಎಲ್ಲ ಆಮೇಲೆ. ಬಂದವರು ಬಟ್ಟಲಿನ ಫೋಟೊ ತೆಗೆಯುತ್ತಾರೆ, ಅಡುಗೆಯವರ ಹೆಗಲ ಮೇಲೆ ಕೈ ಹಾಕಿಯೂ ತೆಗೆಸಿಕೊಳ್ಳುತ್ತಾರೆ. ಗೋಡೆಯಾಚೆ ಮಣೆಯ ಮೇಲೆ ಕೂತವರನ್ನು ಯಾರು ಕೇಳಬೇಕು? ಗೊತ್ತಿರುವ ನಾಲ್ಕು ಜನ ಅವರನ್ನು ಚಿಪ್ಪಕ್ಕ ಎನ್ನುತ್ತಾರೆ. ಹೆತ್ತವರಿಟ್ಟ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲವಂತೆ.

ಅವರ ಕೆಲಸ ಹೇಳಿದರೆ ಇಷ್ಟೇ. ಜೀವವಿರುವ ಚಿಪ್ಪನ್ನು ಬಡಿದರೆ ಟಕ್ ಎನ್ನುತ್ತದೆ. ಒಳಗಿನದು ಸತ್ತಿದ್ದರೆ ಸದ್ದು ಟೊಳ್ಳು. ಕೆಲವು ಚಿಪ್ಪುಗಳಲ್ಲಿ ಜೀವ ಹೋಗಿ ಕೆಸರು ತುಂಬಿಕೊಂಡು ಬಾಯಿ ಬಿಗಿದುಕೊಂಡಿರುತ್ತದೆ. ನೋಡಲು ಥೇಟ್ ಒಳ್ಳೆಯದರ ಹಾಗೆಯೇ, ಆದರೆ ಬಡಿದರೆ ದಪ್ ಎನ್ನುತ್ತದೆ. ಅಂಥದ್ದು ಒಂದೇ ಒಂದು ಹಂಡೆಗೆ ಬಿದ್ದು ಬಾಯಿ ಬಿಟ್ಟರೆ ಮುಗಿಯಿತು, ಇಡೀ ಸಾರು ಕೆಸರು.

"ನಮ್ಮತ್ತೆ ಕಲಿಸಿದ್ದು. ಅಡುಗೆಮನೇಲಿ ಸೌಟು ಮುಟ್ಟೋಕೆ ಬಿಡ್ತಿರಲಿಲ್ಲ, ಚಿಪ್ಪು ಮಾತ್ರ ಕೈಗೆ ಕೊಟ್ರು" ಎಂದು ಚಿಪ್ಪಕ್ಕ ನಗುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಹಿಡಿದ ಕೆಲಸ ಕೂದಲು ಬೆಳ್ಳಗಾದರೂ ಬಿಟ್ಟಿಲ್ಲ. ಉಪ್ಪುನೀರಿಗೆ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತವೆ, ಚಿಪ್ಪಿನಂಚು ಕೊಯ್ದ ಗೀರು ಒಂದು ಮಾಯುವಷ್ಟರಲ್ಲಿ ಇನ್ನೊಂದು. ಅದನ್ನೆಲ್ಲ ಅವರು ಕಷ್ಟ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಷ್ಟ ಶುರುವಾದದ್ದು ಕಿವಿ ಮಂದವಾದಾಗ.

ಮೊದಲು ಗೊತ್ತಾದದ್ದು ಬಂದರಿನಲ್ಲಿ ಮಂಜುಗಡ್ಡೆ ಹೊರುವ ಅವರ ಗಂಡನಿಗೆ. "ನಾನು ಬೈದರೂ ನಗ್ತಾ ಕೂತಿರ್ತಿದ್ಲು. ಇಷ್ಟು ವರ್ಷ ಇಲ್ಲದ ತಾಳ್ಮೆ ಈಗೆಲ್ಲಿಂದ ಬಂತಪ್ಪಾ ಅಂತ ಆಗಲೇ ಅನುಮಾನ ಬಂತು" ಎನ್ನುತ್ತಾರೆ. ಡಾಕ್ಟರು ನೋಡಿ, ಕಿವಿಯ ಒಳಗಿನ ಪೊರೆ ಹಾಳಾಗಿದೆ, ಕಿವುಡು ಇನ್ನೂ ಹೆಚ್ಚಾಗಬಹುದು ಎಂದರು. ಹೋಟೆಲಿನಲ್ಲಿ ಚಿಪ್ಪಕ್ಕ ತುಟಿ ಪಿಟಕ್ ಎನ್ನಲಿಲ್ಲ. ಕೇಳಿದ್ದಕ್ಕೂ ಕೇಳದ್ದಕ್ಕೂ ಹ್ಞೂಂ ಅಂದುಕೊಂಡು, ಇನ್ನಷ್ಟು ಜೋರಾಗಿ ಬಡಿದು ಬಡಿದು ದಿನ ದೂಡಿದರು.

ಒಂದು ಭಾನುವಾರ, ಹೊರಗೆ ಜನ ಸಾಲುಗಟ್ಟಿ ನಿಂತಿದ್ದಾಗ, ಹಂಡೆಯ ತಳದಿಂದ ಕಪ್ಪು ನೀರು ಮೇಲೆದ್ದಿತು. ಇಡೀ ಹಂಡೆ ಚರಂಡಿ ಪಾಲಾಯಿತು. ಹೋಟೆಲಿನ ಯಜಮಾನಿ ಸಿಡಿಮಿಡಿಗೊಂಡದ್ದು ಚಿಪ್ಪಕ್ಕನ ಮೇಲಲ್ಲ. ಅವರ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಬೈಗುಳ ಬಿದ್ದದ್ದು ನೀರಿಳಿದಾಗ ಕೆಸರಿಗಿಳಿದು ಚಿಪ್ಪು ಬಾಚಿ ತಂದುಕೊಡುವ ಮುದುಕನಿಗೆ. ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದುಬಿಟ್ಟರು. ಮುದುಕ ಖಾಲಿ ಬುಟ್ಟಿ ಎತ್ತಿಕೊಂಡು ಹೊರಟ.

"ಅವರ ಬೆನ್ನು ನೋಡಿದೆ. ಆ ಖಾಲಿ ಬುಟ್ಟಿ ನೋಡಿದೆ" ಎನ್ನುವಾಗ ಚಿಪ್ಪಕ್ಕನ ಕೈ ಬುಟ್ಟಿಯಲ್ಲೇ ನಿಲ್ಲುತ್ತದೆ. "ಯಜಮಾನಿ ಹತ್ರ ಹೋಗಿ ಹೇಳಿಬಿಟ್ಟೆ. ತಂದವರದ್ದು ತಪ್ಪಲ್ಲಮ್ಮ, ನನಗೇ ಕಿವಿ ಕೇಳ್ತಿಲ್ಲ, ಮುಚ್ಚಿಟ್ಟಿದ್ದೆ ಅಂತ."

ಮುದುಕನನ್ನು ಓಣಿಯ ತುದಿಯಿಂದ ವಾಪಸು ಕರೆಸಿದರು. ಚಿಪ್ಪಕ್ಕನಿಗೆ ಮಣೆ ತಪ್ಪಿ, ಪಾತ್ರೆ ತೊಳೆಯುವ ತೊಟ್ಟಿ ಸಿಕ್ಕಿತು. ಕೆಲಸ ಹೋಗಲಿಲ್ಲವಲ್ಲ ಅಂತ ಗಂಡ ಸಮಾಧಾನ ಹೇಳಿದರು. ಅವರಿಗೆ ಸಮಾಧಾನವಾಗಲಿಲ್ಲ. ತೊಟ್ಟಿಯ ಮುಂದೆ ನಿಂತು, ಚಿಪ್ಪು ಬಡಿಯಲು ಕೂತ ಅಡುಗೆಯವರ ಕೈಯನ್ನೇ ನೋಡುತ್ತ, ಎಷ್ಟೋ ದಿನ ಕಣ್ಣೀರು ಒರೆಸಿಕೊಂಡರಂತೆ.

ಹಾದಿ ಸಿಕ್ಕಿದ್ದು ಆ ತೊಟ್ಟಿಯ ಹತ್ತಿರವೇ. ಎರಡೂ ಕೈ ತುಂಬ ತಟ್ಟೆಗಳಿದ್ದ ಒಂದು ದಿನ, ಸೌಟನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಹೊರಟಿದ್ದರು. ಸೌಟಿನ ತುದಿ ಕಬ್ಬಿಣದ ಸ್ಟ್ಯಾಂಡಿಗೆ ತಗುಲಿತು. "ಅಯ್ಯೋ ದೇವರೇ! ತಲೆಯೊಳಗೇ ಗಂಟೆ ಬಾರಿಸಿದ ಹಾಗೆ ಕೇಳಿಸ್ತು. ಅಷ್ಟು ಚೆನ್ನಾಗಿ ಏನನ್ನೂ ಕೇಳಿ ಎಷ್ಟು ದಿನ ಆಗಿತ್ತೋ!" ತಟ್ಟೆಗಳನ್ನು ಅಲ್ಲೇ ಇಟ್ಟು, ಬುಟ್ಟಿಯಿಂದ ಎರಡು ಚಿಪ್ಪು ತೆಗೆದು ದವಡೆಗೆ ಒತ್ತಿ ಬಡಿದು ನೋಡಿದರು. ಟಕ್. ಇನ್ನೊಂದು. ಟಕ್. ಅಡುಗೆಯವರು ತೆಗೆದು ಎಸೆದಿದ್ದ ಒಂದನ್ನು ಎತ್ತಿಕೊಂಡರು. ದಪ್.

ಯಜಮಾನಿ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ, ಒಮ್ಮೆ ಹಂಡೆ ಚೆಲ್ಲಿದವರು? ಅಡುಗೆಯವರು ಬೇರ್ಪಡಿಸಿದ್ದ, ಕೆಸರು ತುಂಬಿದ ಹಲವು ಚಿಪ್ಪುಗಳಿಗೆ ಗುಟ್ಟಾಗಿ ಗುರುತು ಹಾಕಿ, ಒಂದು ಬುಟ್ಟಿಯಲ್ಲಿ ಬೆರೆಸಿ ಮುಂದಿಟ್ಟರು. ಇಡೀ ಅಡುಗೆಮನೆ ಸುತ್ತ ನಿಂತಿತು. ಚಿಪ್ಪಕ್ಕ ಒಂದೊಂದನ್ನೇ ದವಡೆಗೆ ಹಿಡಿದರು. ಗುರುತಿನವು ಎಲ್ಲವೂ ಆಚೆ ಬಂದವು. ಆದರೆ ಗುರುತಿಲ್ಲದ್ದೂ ಒಂದು ಆಚೆ ಬಂತು. ಅಡುಗೆಯವರು ಅದನ್ನು ಬಿಡಿಸಿದರೆ, ಒಳಗೆ ಬಿಳಿಯ ಮಾಂಸ ನಡುಗುತ್ತಿತ್ತು. ಒಳ್ಳೆಯ ಚಿಪ್ಪು!

ಚಿಪ್ಪಕ್ಕ ತಲೆ ತಗ್ಗಿಸಿ ಮಣೆಯಿಂದ ಎದ್ದರು. ಯಜಮಾನಿ ಅವರ ಭುಜ ಒತ್ತಿ ಮತ್ತೆ ಕೂರಿಸಿ, ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದರು: "ಒಳ್ಳೇದು ಆಚೆ ಹೋದ್ರೆ ಹೋಗ್ಲಿ ಕಣಕ್ಕ. ಕೆಟ್ಟದ್ದು ಒಳಗೆ ಬರಬಾರದು. ನಾಳೆ ಬೇಗ ಬಾ."

ಈಗ ಕೆಲಸ ಮೊದಲಿನಷ್ಟು ಚುರುಕಿಲ್ಲ, ಆದ್ದರಿಂದ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಾರೆ. ದವಡೆಯ ಮೇಲೆ ಚಿಪ್ಪು ಒತ್ತಿ ಒತ್ತಿ ಒಂದು ಕಂದು ಕಲೆ ಉಳಿದಿದೆ. ಸದ್ದು ಸ್ಪಷ್ಟವಾಗದ ಚಿಪ್ಪುಗಳಿಗೆ ಬೇರೆಯೇ ಪುಟ್ಟ ಪಾತ್ರೆ. ಅವನ್ನು ಕೊನೆಗೆ ಪ್ರತ್ಯೇಕವಾಗಿ ಬೇಯಿಸುತ್ತಾರೆ. ಕೆಸರಾದರೆ ಅಷ್ಟೇ ಹಾಳು. ಆಗದಿದ್ದರೆ ಅಡುಗೆಮನೆಯವರ ಊಟಕ್ಕಾಯಿತು.

ಬಿಸಿಲು ಹಿತ್ತಲಿಗೆ ಬರುವಷ್ಟರಲ್ಲಿ ಮುಂದಿನ ಬಾಗಿಲು ತೆರೆದಿದೆ, ಬಟ್ಟಲುಗಳು ಹೊರಟಿವೆ. ತಿಂದವರು ಏನು ಹೊಗಳಿದರು ಅಂತ ಚಿಪ್ಪಕ್ಕ ಕೇಳುವುದಿಲ್ಲ. ಯಾರೂ ಬಟ್ಟಲು ದೂಡಿ ಎದ್ದು ಹೋಗಲಿಲ್ಲ ತಾನೆ ಅಂತ ಮಾತ್ರ ಕೇಳುತ್ತಾರೆ. ದವಡೆಗೂ ಕೇಳದ ದಿನ ಬಂದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಎರಡು ಸಲ ಕೂಗಿ ಹೇಳಬೇಕಾಗುತ್ತದೆ. ಅವರು ಕೈ ಒರೆಸಿಕೊಂಡು, ನಿಧಾನವಾಗಿ ಉತ್ತರಿಸುತ್ತಾರೆ.

"ಅವತ್ತೇ ಹೇಳ್ತೀನಿ. ನಾನೇ ಹೇಳ್ತೀನಿ. ಒಂದು ಸಲ ಮುಚ್ಚಿಟ್ಟು ಆ ಅಜ್ಜನ ಬೆನ್ನು ನೋಡಿದ್ದು ಸಾಕು. ಅಲ್ಲೀತನಕ ಈ ಮಣೆ ನಂದೇ ಇರ್ಲಿ."