ಸೀಮೆಸುಣ್ಣದ ಬೋರ್ಡು

ಶರಣಬಸವೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿರುವ ದತ್ತಪ್ಪನವರ ಅಂಗಡಿಯ ಬೋರ್ಡಿನಲ್ಲಿ ಹೆಸರೊಂದೇ ಪೇಂಟಿನದು. ಅದರ ಕೆಳಗಿನ ಕಸುಬು ಯಾವತ್ತೂ ಸೀಮೆಸುಣ್ಣದ್ದು. ಅಲ್ಲೇ ಅವರು ಕ್ಯಾಸೆಟ್ಟಿಗೆ ಭಜನೆ, ಕವ್ವಾಲಿ ತುಂಬಿಕೊಟ್ಟರು, ಎಸ್‌ಟಿಡಿ ಬೂತ್ ಇಟ್ಟರು, ಝೆರಾಕ್ಸ್ ತೆಗೆದರು, ಮೊಬೈಲ್ ರಿಪೇರಿ ಮಾಡಿದರು. ಈಗ ಕಮಲಾಪುರದ ಕೆಂಪು ಬಾಳೆಯ ಚಿಪ್ಸ್ ಕರಿಯುತ್ತಾರೆ. ವಾರ ಬಿಟ್ಟು ಬಂದ ಗಿರಾಕಿ ಮೊದಲು ಬೋರ್ಡು ಓದಿಕೊಂಡೇ ಒಳಗೆ ಕಾಲಿಡಬೇಕು. ಒಂದು ಕಸುಬು ಕುಂಟತೊಡಗಿತೆಂದರೆ ದತ್ತಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂರುವವರಲ್ಲ, ಬೋರ್ಡು ಒರೆಸಲು ಒದ್ದೆ ಬಟ್ಟೆ ಹುಡುಕುವವರು. ಕ್ಯಾಸೆಟ್ಟಿನ ಮಾತು ಬಂದರೆ ಮಾತ್ರ ಕರಿಯುವ ಜಾಲರಿ ಸೌಟು ಕೈಯಲ್ಲೇ ನಿಲ್ಲುತ್ತದೆ: “ಏನ್ ದಿನಾ ಇದ್ವುರೀ ಅವು!” ಬ್ಯಾಂಕಿನ ನೌಕರಿ ಬಿಟ್ಟು ಕಮಲಾಪುರದಲ್ಲಿ ಸ್ವಂತ ಅಂಗಡಿ ತೆರೆಯಲು ಹೊರಟ ಮಗಳು ಪಂಚಶೀಲಾ ಮೊನ್ನೆ, “ಅಪ್ಪಾ, ನನ್ನ ಬೋರ್ಡಿಗರೆ ‘ಚಿಪ್ಸ್’ ಅಂತ ಪಕ್ಕಾ ಪೇಂಟ್ ಹೊಡಿಸು” ಎಂದಳು. ದತ್ತಪ್ಪನವರು ತಮ್ಮ ಬೋರ್ಡನ್ನು ಕೆಳಗಿಳಿಸಿ ತಿರುಗಿಸಿ ಹಿಂಬದಿ ತೋರಿಸಿದರು. ಅದು ಅವರ ತಂದೆಯ ಬೋರ್ಡು. ಕೆಂಪು ಪೇಂಟಿನಲ್ಲಿ ‘ರೇಡಿಯೋ ದುರಸ್ತಿ’ ಎಂದಿತ್ತು, ಇನ್ನೂ ಹೊಳೆಯುತ್ತಿತ್ತು. “ಇದನ್ನ ಅಳಸ್ಲಾರದ ನಿಮ್ಮ ಮುತ್ಯಾ ಹನ್ನೊಂದು ವರ್ಷ ಇದರ ಕೆಳಗ ಗಿರಾಕಿ ದಾರಿ ನೋಡ್ಕೋತ ಕುಂತಿದ್ದನವ್ವಾ,” ಎಂದು ಅವಳ ಕೈಗೆ ಸೀಮೆಸುಣ್ಣದ ಡಬ್ಬಿ ಕೊಟ್ಟರು.